ಹೋಟೆಲಿನ ದೆವ್ವದ ಚಿತ್ರ: ಪಾತ್ರಗಳು ರಾತ್ರೋರಾತ್ರಿ ಕೋಣೆ ಖಾಲಿ ಮಾಡದಿರಲು ಕಾರಣವೇನು?

ಹದಿನಾಲ್ಕು ಕೋಣೆ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಮೂವರು ಗೆಳೆಯರೂ ಸೇರಿ ಸುಮಾರು ಎಂಬತ್ತು ನಿಮಿಷಗಳ ಒಂದು ದೆವ್ವದ ಚಿತ್ರಕ್ಕೆ ಚಿತ್ರಕಥೆ ಬರೆದಿದ್ದೇವೆ. ಕಥೆಯೆಲ್ಲ ಒಂದು ಹೋಟೆಲಿನೊಳಗೇ ನಡೆಯುತ್ತದೆ; ಊಟದ ಹೋಟೆಲಲ್ಲ, ತಂಗುವ ಹೋಟೆಲ್. ಎರಡು ಮಹಡಿಗಳ, ಹದಿನಾಲ್ಕು ಕೋಣೆಗಳ ಅಂಥದೊಂದು ಕಟ್ಟಡ ಸದ್ಯ ದುರಸ್ತಿಗಾಗಿ ಮುಚ್ಚಿರುವುದರಿಂದ, ಮಾಲೀಕರು ಹನ್ನೆರಡು ರಾತ್ರಿಗಳ ಮಟ್ಟಿಗೆ ನಮಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ನಮ್ಮ ಬಳಿ ಇರುವುದು ಒಂದು ಕ್ಯಾಮೆರಾ, ಆರು ಜನ ಕಲಾವಿದರು, ಎಂಟು ಜನರ ತಂಡ. ಸೆಟ್ ಹಾಕುವುದಕ್ಕಾಗಲಿ ಗ್ರಾಫಿಕ್ಸ್ ಮಾಡಿಸುವುದಕ್ಕಾಗಲಿ ಹಣವಿಲ್ಲ.

ಕಥೆಯ ಎಳೆ ಹೀಗಿದೆ. ಮಳೆಯ ರಾತ್ರಿಯೊಂದರಲ್ಲಿ ಗಂಡ ಹೆಂಡತಿ ಹೋಟೆಲಿಗೆ ಬರುತ್ತಾರೆ. ವರ್ಷಗಳಿಂದ ಯಾರಿಗೂ ಕೊಡದ ಕೋಣೆಯನ್ನು ಅವರಿಗೆ ಕೊಡಲಾಗುತ್ತದೆ. ಆ ಕೋಣೆಯಲ್ಲಿ ಹಿಂದೆ ಸತ್ತಿದ್ದ ಹೆಂಗಸೊಬ್ಬಳ ಇರುವಿಕೆ ನಿಧಾನವಾಗಿ ತಿಳಿಯತೊಡಗುತ್ತದೆ. ಇದನ್ನು ಓದಿದ ಐದಾರು ಜನರೂ ಮೊದಲ ಮೂವತ್ತು ಪುಟಗಳನ್ನು ಮೆಚ್ಚಿಕೊಂಡು, ಆಮೇಲೆ ಒಂದೇ ಪ್ರಶ್ನೆ ಕೇಳಿದರು: ಇವರು ಎದ್ದು ಹೋಗಬಾರದೇಕೆ? ಅದಕ್ಕಾಗಿ ನಾವು ಮೊದಲು ಅವರ ಕಾರು ಕೆಡಿಸಿದೆವು. ಅದು ಸಾಲದೆನಿಸಿ ಸೇತುವೆ ಮುಳುಗಿಸಿದೆವು. ಕೊನೆಗೆ ಫೋನಿನ ಸಂಪರ್ಕವನ್ನೂ ಕಡಿದೆವು. ಒಂದೊಂದು ನೆಪ ಸೇರಿದ ಹಾಗೆಲ್ಲ ಕಥೆ ಇನ್ನಷ್ಟು ಬಡವಾಗುತ್ತಿದೆ.

ಎರಡನೆಯ ತೊಡಕು ದೆವ್ವದ್ದೇ. ಕಳೆದ ವಾರ ಬಿಳಿಯ ಮೇಕಪ್, ಬಣ್ಣದ ಕಾಂಟ್ಯಾಕ್ಟ್ ಲೆನ್ಸ್, ಕೆದರಿದ ಕೂದಲು ಎಲ್ಲವನ್ನೂ ಇಟ್ಟುಕೊಂಡು ಪರೀಕ್ಷೆಗೆಂದು ಒಂದು ದೃಶ್ಯ ಚಿತ್ರೀಕರಿಸಿದೆವು. ಕಲಾವಿದೆ ತುಂಬ ಶ್ರದ್ಧೆಯಿಂದ ನಟಿಸಿದರು. ಆದರೂ ಪರದೆಯ ಮೇಲೆ ನೋಡಿದಾಗ ಯಾರಿಗೂ ಭಯವಾಗಲಿಲ್ಲ. ದೆವ್ವವನ್ನು ತೋರಿಸಲೇಬೇಕೆ? ತೋರಿಸುವುದಾದರೆ ಯಾವಾಗ, ಹೇಗೆ? ಇರುವ ಅಲ್ಪ ಹಣವನ್ನು ಕ್ಯಾಮೆರಾ, ಬೆಳಕು, ಶಬ್ದ ಇವುಗಳಲ್ಲಿ ಯಾವುದಕ್ಕೆ ಮೀಸಲಿಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಚಿತ್ರಕಥಾಸಕ್ತೆ ಅವರ ಉತ್ತರ

ಹದಿನಾಲ್ಕು ಕೋಣೆಯವರೇ, ನಿಮ್ಮ ಓದುಗರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವನ್ನು ನೀವು ಹೋಟೆಲಿನ ಹೊರಗೆ, ಮಳೆಯಲ್ಲಿ ಮತ್ತು ಸೇತುವೆಯಲ್ಲಿ ಹುಡುಕುತ್ತಿದ್ದೀರಿ. ಅದು ಒಳಗೇ ಇದೆ ಎಂದು ನನಗನ್ನಿಸುತ್ತದೆ.

ದೆವ್ವದ ಮನೆಯ ಕಥೆಗೂ ದೆವ್ವದ ಹೋಟೆಲಿನ ಕಥೆಗೂ ಇರುವ ಮೂಲ ವ್ಯತ್ಯಾಸವನ್ನು ಗಮನಿಸಿ. ಮನೆ ಕೊಂಡವರು ಸಾಲ ಮಾಡಿರುತ್ತಾರೆ, ಸಾಮಾನು ಸಾಗಿಸಿರುತ್ತಾರೆ, ಮಕ್ಕಳನ್ನು ಶಾಲೆಗೆ ಸೇರಿಸಿರುತ್ತಾರೆ. ಗೋಡೆಯೊಳಗಿಂದ ಸದ್ದು ಕೇಳಿಸಿದರೂ ಬೆಳಗಾದ ಮೇಲೆ ನೋಡೋಣ ಎಂದು ಅವರು ಮಗ್ಗುಲು ಬದಲಿಸಿದರೆ ನಾವು ನಂಬುತ್ತೇವೆ. ಹೋಟೆಲಿಗೆ ಬಂದವರ ಬಳಿ ಇರುವುದು ಒಂದು ಚೀಲ. ಖಾಲಿ ಕೋಣೆಯಲ್ಲಿ ಯಾರೋ ಅಳುವುದು ಕೇಳಿಸಿದರೆ, ಕೊಟ್ಟ ಬಾಡಿಗೆ ಹೋದರೂ ಹೋಗಲಿ ಎಂದು ಅವರು ಹೊರಡುತ್ತಾರೆ. ಅವರನ್ನು ತಡೆಯಲು ನೀವು ಸೇತುವೆಯನ್ನೇ ಮುಳುಗಿಸಬೇಕಾಗಿ ಬಂದದ್ದು ಅದಕ್ಕೇ.

ಹೋಟೆಲಿನಲ್ಲಿ ಎದ್ದು ಹೋಗಲಾರದ ವ್ಯಕ್ತಿ ಒಬ್ಬರಿರುತ್ತಾರೆ. ಅಲ್ಲಿ ಕೆಲಸ ಮಾಡುವವರು. ಈ ಬಗೆಯ ಚಿತ್ರಗಳಲ್ಲಿ ಮನಸ್ಸಿನಲ್ಲಿ ಉಳಿದವುಗಳನ್ನು ನೆನೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. 1980ರ 'ದ ಶೈನಿಂಗ್' ಚಿತ್ರದ ನಾಯಕ ಹೋಟೆಲಿನ ಅತಿಥಿಯಲ್ಲ, ಚಳಿಗಾಲಕ್ಕೆಂದು ನೇಮಕಗೊಂಡ ಕಾವಲುಗಾರ. ಟೈ ವೆಸ್ಟ್ ಅವರ 2011ರ 'ದಿ ಇನ್‌ಕೀಪರ್ಸ್' ಚಿತ್ರದಲ್ಲಿ, ಶಾಶ್ವತವಾಗಿ ಮುಚ್ಚಲಿರುವ ಹೋಟೆಲಿನ ಕೊನೆಯ ವಾರಾಂತ್ಯವನ್ನು ನೋಡಿಕೊಳ್ಳಲು ಉಳಿದ ಇಬ್ಬರು ನೌಕರರೇ ಮುಖ್ಯ ಪಾತ್ರಗಳು. ಅದಕ್ಕಿಂತ ಮೊದಲಿನ ಚಿತ್ರವೊಂದನ್ನು ಮಾಡುವಾಗ ವೆಸ್ಟ್ ಅವರ ತಂಡ ಅದೇ ಹೋಟೆಲಿನಲ್ಲಿ ತಂಗಿತ್ತು. ಕಥೆ ಹುಟ್ಟಿದ್ದು ಆ ವಾಸದಿಂದ. ದೆವ್ವವಿಲ್ಲದಿದ್ದರೂ ಈ ಸಾಲಿಗೇ ಸೇರುವ 1960ರ 'ಸೈಕೋ' ಚಿತ್ರದಲ್ಲಿ ನಮ್ಮನ್ನು ಕಾಡುವವನು ಮೋಟೆಲನ್ನು ನಡೆಸುವವನು. ಅಲ್ಲಿಗೆ ಬಂದವಳ ಕಥೆ ಅರ್ಧದಾರಿಗೆ ಬರುವ ಮೊದಲೇ ಮುಗಿದಿರುತ್ತದೆ. ನಿರ್ದೇಶಕ ಹಿಚ್‌ಕಾಕ್ ಅದನ್ನು ತಮ್ಮ ಟೆಲಿವಿಷನ್ ತಂಡದವರನ್ನು ಇಟ್ಟುಕೊಂಡು, ಕಪ್ಪುಬಿಳುಪಿನಲ್ಲಿ, ಸುಮಾರು 8 ಲಕ್ಷ ಡಾಲರುಗಳಲ್ಲಿ ಮುಗಿಸಿದರು ಎಂಬುದೂ ನಿಮಗೆ ಧೈರ್ಯ ಕೊಡಬಹುದು.

ಇದೇ ಚಿತ್ರಗಳಲ್ಲಿ ಇನ್ನೊಂದು ಅಂಶವಿದೆ, ಕಡಿಮೆ ಖರ್ಚಿನವರಿಗೆ ಅದು ಇನ್ನೂ ಮುಖ್ಯ. ಹೋಟೆಲ್ ಎಂದರೆ ಜನ ತುಂಬಿರುವ ಜಾಗ, ನಿಮ್ಮ ಬಳಿ ಇರುವುದು ಆರೇ ಜನ. ಹಾಗಾಗಿ ಆ ಹೋಟೆಲ್ ಖಾಲಿಯಾಗಿರಲು ಒಂದು ಕಾರಣ ಬೇಕು, ಅದು ಕಥೆಯ ಒಡಲಿನಿಂದಲೇ ಬರಬೇಕು. 'ಸೈಕೋ'ದಲ್ಲಿ ಹೆದ್ದಾರಿ ಬೇರೆ ಕಡೆಗೆ ಸರಿದಿದೆ, 'ದ ಶೈನಿಂಗ್'ನಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಹೋಟೆಲ್ ಮುಚ್ಚುತ್ತದೆ, 'ದಿ ಇನ್‌ಕೀಪರ್ಸ್'ನಲ್ಲಿ ವ್ಯಾಪಾರ ಮುಗಿದಿದೆ. ಮೂರರಲ್ಲೂ ಆ ಖಾಲಿತನವೇ ಪಾತ್ರಗಳ ದುಃಖಕ್ಕೂ ಭಯಕ್ಕೂ ಮೂಲ. ನಿಮಗೆ ಅದು ತಾನಾಗಿಯೇ ಒದಗಿ ಬಂದಿದೆ: ಕಟ್ಟಡ ನಿಜವಾಗಿಯೂ ದುರಸ್ತಿಗಾಗಿ ಮುಚ್ಚಿದೆ. ಅದನ್ನೇ ಕಥೆಯೊಳಗೆ ತನ್ನಿ.

ರಾತ್ರಿ ಪಾಳಿಯ ಒಬ್ಬ ನೌಕರಳನ್ನು ಕಥೆಯ ನಡುವೆ ಕೂರಿಸಿದರೆ ಹೋಟೆಲಿನ ದಿನಚರಿಯೆಲ್ಲ ನಿಮ್ಮ ಕೈಗೆ ಬರುತ್ತದೆ. ಗೋಡೆಯ ಮೇಲೆ ಕೀಲಿಕೈ ತೂಗುಹಾಕುವ ಹಲಗೆ, ಬಂದವರ ಹೆಸರು ಬರೆಯುವ ರಿಜಿಸ್ಟರ್, ಬೆಳಗಿನ ಜಾವ ಎಬ್ಬಿಸಲು ಹೇಳಿ ಮಲಗಿದವರ ಪಟ್ಟಿ, ಯಾವ ಕೋಣೆಯಿಂದ ಕರೆ ಬರುತ್ತಿದೆ ಎಂದು ತೋರಿಸುವ ಫೋನು, ಹಾಸಿಗೆಯ ಹೊದಿಕೆ ಬದಲಿಸುವ ಕೆಲಸ. ಇವುಗಳಲ್ಲಿ ಒಂದು ತಪ್ಪಿದರೆ ಸಾಕು, ಭಯ ಶುರುವಾಗುತ್ತದೆ. ಯಾರೂ ತಂಗದ ಕೋಣೆಯಿಂದ ಕರೆಗಂಟೆ ಬಾರಿಸಿದಾಗ ಅತಿಥಿ ಕಿವಿ ಮುಚ್ಚಿಕೊಳ್ಳಬಹುದು; ನೌಕರಳು ಮಾತ್ರ ಮೆಟ್ಟಿಲು ಹತ್ತಿ ಹೋಗಿ ನೋಡಲೇಬೇಕು, ಅದು ಅವಳ ಕೆಲಸ. ಇಲ್ಲಿ ಸೇತುವೆ ಮುಳುಗುವ ಅಗತ್ಯವೇ ಇಲ್ಲ.

ಗಂಡ ಹೆಂಡತಿಯ ಕಥೆಯೇ ನಿಮಗೆ ಪ್ರಿಯವಾಗಿದ್ದರೆ ಇನ್ನೊಂದು ದಾರಿಯಿದೆ: ಅವರು ಆ ಕೋಣೆಯನ್ನೇ ಬೇಕೆಂದು ಹುಡುಕಿಕೊಂಡು ಬಂದಿರಬೇಕು. 2007ರ '1408' ಚಿತ್ರದ ನಾಯಕ ಬಂದದ್ದು ಹಾಗೆ. ಸತ್ತ ಹೆಂಗಸು ಹೆಂಡತಿಯ ಅಕ್ಕನಾಗಿದ್ದರೆ ಅವರು ಎದ್ದು ಹೋಗುವುದಿಲ್ಲ.

ಶಬ್ದಗ್ರಾಹಿ ಅವರ ಉತ್ತರ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹಣವನ್ನು ಶಬ್ದಕ್ಕೆ ಮೀಸಲಿಡಿ. ನನ್ನ ವೃತ್ತಿ ಅದೇ ಆಗಿರುವುದರಿಂದ ಪಕ್ಷಪಾತವೆಂದು ಅನ್ನಿಸಬಹುದು; ಆದರೆ ಚಿತ್ರದಲ್ಲಿ ಸ್ವಲ್ಪ ಕಾಳು ಕಾಳಾಗಿ ಕಂಡ ಕತ್ತಲೆಯನ್ನು ಪ್ರೇಕ್ಷಕರು ಸಹಿಸಿಕೊಂಡಾರು, ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿದರೆ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ.

ಹೋಟೆಲ್ ಕಟ್ಟಡ ಶಬ್ದಗ್ರಹಣಕ್ಕೆ ಬಹಳ ಕಷ್ಟದ ಜಾಗ. ನಾನು ಕೆಲಸ ಮಾಡಿದ ಒಂದು ಚಿಕ್ಕ ಚಿತ್ರದಲ್ಲಿ, ನಾಲ್ಕು ರಾತ್ರಿಗಳ ಸಂಭಾಷಣೆಯ ತಳದಲ್ಲಿ ಕೆಳಮಹಡಿಯ ದೊಡ್ಡ ಫ್ರಿಜ್ಜಿನ ಮೊರೆತ ಕೂತಿತ್ತು. ಅದು ಏಳು ನಿಮಿಷ ಓಡಿ, ಹತ್ತು ನಿಮಿಷ ನಿಂತು, ಮತ್ತೆ ಓಡುತ್ತಿತ್ತು. ಚಿತ್ರೀಕರಣದ ಸಡಗರದಲ್ಲಿ ನಾನೂ ಗಮನಿಸಲಿಲ್ಲ. ಸಂಕಲನಕ್ಕೆ ಕೂತಾಗ ಒಂದು ಶಾಟಿನಲ್ಲಿ ಮೊರೆತ, ಮುಂದಿನದರಲ್ಲಿ ಮೌನ, ಅದರ ಮುಂದಿನದರಲ್ಲಿ ಮತ್ತೆ ಮೊರೆತ. ಅರ್ಧ ಚಿತ್ರಕ್ಕೆ ಮರುಡಬ್ಬಿಂಗ್ ಮಾಡಬೇಕಾಯಿತು, ನಟಿಯ ನಡುಗುವ ಉಸಿರು ಸ್ಟುಡಿಯೋದಲ್ಲಿ ಮತ್ತೆ ಸಿಗಲಿಲ್ಲ. ಆ ಉಸಿರಿಗಾಗಿ ನಾನು ಇಂದಿಗೂ ಮರುಗುತ್ತೇನೆ. ಆದ್ದರಿಂದ ಮೊದಲ ರಾತ್ರಿಯೇ ಕಟ್ಟಡದಲ್ಲಿ ಸದ್ದು ಮಾಡುವ ವಸ್ತುಗಳನ್ನೆಲ್ಲ ಪತ್ತೆಹಚ್ಚಿ: ಫ್ರಿಜ್, ನೀರೆತ್ತುವ ಪಂಪು, ಲಿಫ್ಟು, ಏಸಿ, ಟ್ಯೂಬ್‌ಲೈಟಿನ ಚೋಕು. ಆರಿಸಬಹುದಾದದ್ದನ್ನು ಮಾಲೀಕರ ಅನುಮತಿ ಪಡೆದು ಆರಿಸಿ. ಫ್ರಿಜ್ ಆರಿಸುವವರು ತಮ್ಮ ಕಾರಿನ ಕೀಲಿಯನ್ನು ಅದರೊಳಗೇ ಇಡುವುದು ನಮ್ಮವರ ಹಳೆಯ ರೂಢಿ. ಆಗ ಮನೆಗೆ ಹೊರಡುವ ಮುನ್ನ ಮತ್ತೆ ಹಾಕಲು ಮರೆಯುವುದಿಲ್ಲ.

ಇನ್ನು ಭಯದ ವಿಚಾರ. 1963ರಲ್ಲಿ ರಾಬರ್ಟ್ ವೈಸ್ ನಿರ್ದೇಶಿಸಿದ 'ದ ಹಾಂಟಿಂಗ್' ಚಿತ್ರದಲ್ಲಿ ದೆವ್ವ ಒಮ್ಮೆಯೂ ಕಾಣಿಸುವುದಿಲ್ಲ. ಇಬ್ಬರು ಹೆಂಗಸರು ಮಂಚದ ಮೇಲೆ ಒಬ್ಬರನ್ನೊಬ್ಬರು ಹಿಡಿದು ಕೂತಿರುತ್ತಾರೆ, ಹೊರಗೆ ಯಾವುದೋ ಭಾರವಾದದ್ದು ಗೋಡೆಗಳನ್ನು ಗುದ್ದುತ್ತ ಕೋಣೆಯಿಂದ ಕೋಣೆಗೆ ಬರುತ್ತಿರುತ್ತದೆ. ಆ ದೃಶ್ಯದಲ್ಲಿ ಭಯಕ್ಕೆ ದಿಕ್ಕೂ ದೂರವೂ ಇವೆ. ಹೋಟೆಲಿನ ಕೋಣೆಗಳ ನಡುವಿನ ಓಣಿ ಇದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಬಾಗಿಲುಗಳು ಸಮದೂರದಲ್ಲಿವೆ. ನಿಮ್ಮ ನೌಕರಳು ಕೊನೆಯ ಕೋಣೆಯಲ್ಲಿ ಹೊದಿಕೆ ಮಡಿಸುತ್ತಿರುವಾಗ, ಓಣಿಯ ಆ ತುದಿಯಿಂದ ಯಾರೋ ಒಂದೊಂದೇ ಬಾಗಿಲು ತಟ್ಟುತ್ತ ಬಂದರೆ, ಪ್ರೇಕ್ಷಕರು ತಾವೇ ಎಣಿಸತೊಡಗುತ್ತಾರೆ. ಆರನೆಯ ಬಾಗಿಲಿಗೆ ಸದ್ದು ನಿಂತುಬಿಡಲಿ.

ಇದರ ಜೊತೆಗೆ ಮೌನವನ್ನು ತಯಾರಿಸಿಕೊಳ್ಳಬೇಕು. ಬರೀ ಸದ್ದಿಲ್ಲದಿದ್ದರೆ ಅದು ಮೌನವೆನಿಸುವುದಿಲ್ಲ, ಶಬ್ದಪಟ್ಟಿ ಕೆಟ್ಟಿದೆ ಎನಿಸುತ್ತದೆ. ಮೊದಲ ಅರ್ಧಗಂಟೆ ಪೂರ್ತಿ ಓಣಿಯ ದೃಶ್ಯಗಳ ತಳದಲ್ಲಿ ಒಂದು ಸಣ್ಣ ಯಂತ್ರದ ಗುಂಯ್‌ಗುಡುವಿಕೆಯನ್ನು ಇಟ್ಟು, ಕಿವಿ ಅದಕ್ಕೆ ಒಗ್ಗಿದ ಮೇಲೆ, ಮುಖ್ಯ ಗಳಿಗೆಯಲ್ಲಿ ಅದನ್ನು ಥಟ್ಟನೆ ನಿಲ್ಲಿಸಿ. ಏನು ಬದಲಾಯಿತೆಂದು ಗೊತ್ತಾಗದೆ ಪ್ರೇಕ್ಷಕರು ಕೂತಲ್ಲೇ ನೆಟ್ಟಗಾಗುತ್ತಾರೆ.

ಕಿವಿಗೆ ಕೇಳಿಸದಷ್ಟು ಕೆಳಗಿನ ಸ್ಥಾಯಿಯ ಶಬ್ದವನ್ನು ಸೇರಿಸಿದರೆ ಭಯ ಹುಟ್ಟುತ್ತದೆಯೇ ಎಂದು ಹೊಸಬರು ಕೇಳುವುದುಂಟು. ಇಂಗ್ಲೆಂಡಿನ ಎಂಜಿನಿಯರ್ ವಿಕ್ ಟ್ಯಾಂಡಿ 1998ರ ಲೇಖನದಲ್ಲಿ, ತಾವು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಜನರಿಗಾಗುತ್ತಿದ್ದ ಅಂಜಿಕೆಗೂ ಕಣ್ಣಂಚಿನಲ್ಲಿ ಕಂಡ ಬೂದು ಆಕೃತಿಗೂ ಹೊಸ ಫ್ಯಾನೊಂದು ಎಬ್ಬಿಸುತ್ತಿದ್ದ ಸುಮಾರು 19 ಹರ್ಟ್ಸ್ ಕಂಪನವನ್ನು ಕಾರಣವಾಗಿ ತೋರಿಸಿದರು. ಓದಲು ಸೊಗಸಾದ ಬರಹ. ಆದರೆ ನಿಮ್ಮ ಚಿತ್ರವನ್ನು ಹೆಚ್ಚಿನವರು ಮೊಬೈಲಿನಲ್ಲೋ ಟಿ.ವಿ.ಯಲ್ಲೋ ನೋಡುತ್ತಾರೆ, ಆ ಸ್ಪೀಕರುಗಳು ಅಷ್ಟು ಕೆಳಗಿನ ಶಬ್ದವನ್ನು ಹೊರಡಿಸಲಾರವು. ಅದರ ಹಿಂದೆ ಬೀಳಬೇಡಿ.

ಬೆಳಕುನೆರಳು ಅವರ ಉತ್ತರ

ಶಬ್ದಗ್ರಾಹಿಯವರ ಮಾತನ್ನು ಛಾಯಾಗ್ರಾಹಕನಾದ ನಾನೂ ಒಪ್ಪುತ್ತೇನೆ. ನನ್ನ ಮಾತು ಚಿಕ್ಕದು.

ದೊಡ್ಡ ದೀಪಗಳನ್ನು ಬಾಡಿಗೆಗೆ ತರಬೇಡಿ. ಹೋಟೆಲಿನಲ್ಲಿ ಈಗಾಗಲೇ ಇರುವ ಹಾಸಿಗೆ ಪಕ್ಕದ ದೀಪ, ಓಣಿಯ ಬಲ್ಬು, ಕನ್ನಡಿಯ ಮೇಲಿನ ದೀಪ ಇವುಗಳಲ್ಲೇ ಬಲ್ಬುಗಳನ್ನು ಬದಲಿಸಿ, ಕೆಲವನ್ನು ಪೂರ್ತಿ ತೆಗೆದುಹಾಕಿ. ಓಣಿಯಲ್ಲಿ ಒಂದು ಬಿಟ್ಟು ಒಂದು ಬಲ್ಬು ತೆಗೆದರೆ ನಡೆದು ಬರುವ ಮುಖ ಬೆಳಕಿಗೆ ಬಂದು, ಕತ್ತಲಿಗೆ ಹೋಗಿ, ಮತ್ತೆ ಬೆಳಕಿಗೆ ಬರುತ್ತದೆ. ಎರಡನೆಯ ಕತ್ತಲಿನಿಂದ ಹೊರಬರುವುದು ಅದೇ ಮುಖವೇ ಎಂಬ ಅನುಮಾನ ತಾನಾಗಿ ಹುಟ್ಟುತ್ತದೆ. ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ವಿದ್ಯುತ್ತಿನ ಲಯಕ್ಕೆ ಮಿನುಗುತ್ತವೆ. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರನ್ನು ಸೆಕೆಂಡಿನ 1/50ಕ್ಕೋ 1/100ಕ್ಕೋ ಇಟ್ಟುಕೊಳ್ಳಿ, 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120. ಇಲ್ಲದಿದ್ದರೆ ಚಿತ್ರದ ಮೇಲೆ ಪಟ್ಟೆಗಳು ಹರಿದಾಡುತ್ತವೆ.

ಕ್ಯಾಮೆರಾ ಚಲಿಸಬೇಕಾದಾಗ ಹೊದಿಕೆ ಸಾಗಿಸುವ ಹೋಟೆಲಿನ ತಳ್ಳುಗಾಡಿಯನ್ನೇ ಬಳಸಿ. ರತ್ನಗಂಬಳಿಯ ಮೇಲೆ ಅದು ಅಲುಗದೆ ಉರುಳುತ್ತದೆ. ಆದರೆ ಹೆಚ್ಚಿನ ಕಾಲ ಕ್ಯಾಮೆರಾ ನಿಂತೇ ಇರಲಿ. ಸುಮಾರು 15 ಸಾವಿರ ಡಾಲರುಗಳಲ್ಲಿ ನಿರ್ದೇಶಕ ಓರೆನ್ ಪೆಲಿ ಅವರ ಸ್ವಂತ ಮನೆಯಲ್ಲೇ ತಯಾರಾದ 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯ ಮಲಗುವ ಕೋಣೆಯ ದೃಶ್ಯಗಳಲ್ಲಿ ಕ್ಯಾಮೆರಾ ಒಂದೇ ಕಡೆ ಕೂತಿರುತ್ತದೆ. ಏನೂ ಅಲುಗದ ಚೌಕಟ್ಟಿನಲ್ಲಿ ಬಾಗಿಲೊಂದು ಒಂದು ಗೇಣು ಸರಿದರೂ ಕಣ್ಣು ಅಲ್ಲಿಗೇ ಓಡುತ್ತದೆ.

ಒಂದು ವ್ಯಾವಹಾರಿಕ ಸೂಚನೆ: ಹೋಟೆಲಿನ ನಿಜವಾದ ಹೆಸರನ್ನಾಗಲಿ, ನಿಜವಾಗಿ ಇರುವ ಕೋಣೆಯ ಸಂಖ್ಯೆಯನ್ನಾಗಲಿ ದೆವ್ವಕ್ಕೆ ಅಂಟಿಸಬೇಡಿ. 'ದ ಶೈನಿಂಗ್'ನ ಹೊರಾಂಗಣಕ್ಕೆ ಬಳಸಿದ ಟಿಂಬರ್‌ಲೈನ್ ಲಾಡ್ಜಿನವರು, ಮೂಲ ಕಾದಂಬರಿಯಲ್ಲಿದ್ದ 217ನೆಯ ಕೋಣೆಯಲ್ಲಿ ಮುಂದೆ ಯಾರೂ ತಂಗಲಾರರೆಂಬ ಅಳುಕಿನಿಂದ ಕೇಳಿಕೊಂಡಿದ್ದರಿಂದ, ಚಿತ್ರದಲ್ಲಿ ಅದು ಅವರಲ್ಲಿಲ್ಲದ 237 ಆಯಿತು. ನಿಮ್ಮ ಮಾಲೀಕರೂ ಮತ್ತೆ ಬಾಗಿಲು ತೆರೆದು ವ್ಯಾಪಾರ ಮಾಡಬೇಕಾದವರು. ಹದಿನಾಲ್ಕೇ ಕೋಣೆಗಳಿರುವಲ್ಲಿ ನಿಮ್ಮ ಕೋಣೆ ಹದಿನೈದನೆಯದಾಗಲಿ. ಕಥೆಗೂ ಅದರಿಂದ ಲಾಭವಿದೆ.

ಹಳೆಯ ಪ್ರೇಕ್ಷಕ ಅವರ ಉತ್ತರ

ದೆವ್ವವನ್ನು ತೋರಿಸದಿರುವುದೇ ಮೇಲು ಎಂಬ ಧಾಟಿ ಮೇಲಿನ ಉತ್ತರಗಳಲ್ಲಿ ಇಣುಕುತ್ತಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಎಂಬತ್ತು ನಿಮಿಷ ಬಾಗಿಲ ಸದ್ದನ್ನೇ ಕೇಳಿಸಿ ಮನೆಗೆ ಕಳಿಸಿದರೆ ಪ್ರೇಕ್ಷಕನಿಗೆ ಮೋಸವಾದಂತೆ ಅನ್ನಿಸುತ್ತದೆ. ವೈಸ್ ಅವರಿಗೆ ಅದು ಸಾಧ್ಯವಾದದ್ದು ಅವರ ನಟಿಯರ ಮುಖಗಳಿಂದ. ಹೊಸ ಕಲಾವಿದರ ಹೆಗಲ ಮೇಲೆ ಅಷ್ಟು ಭಾರ ಹೊರಿಸುವುದು ನ್ಯಾಯವಲ್ಲ.

1962ರ 'ಕಾರ್ನಿವಲ್ ಆಫ್ ಸೋಲ್ಸ್' ಚಿತ್ರವನ್ನು ತಂಡದವರೆಲ್ಲ ಕೂತು ನೋಡಿ. ಕೈಗಾರಿಕೆ ಮತ್ತು ಶಿಕ್ಷಣದ ಕಿರುಚಿತ್ರಗಳನ್ನು ಮಾಡಿಕೊಂಡಿದ್ದ ಹರ್ಕ್ ಹಾರ್ವಿ, ಪ್ರಯಾಣದ ದಾರಿಯಲ್ಲಿ ಯೂಟಾದ ಉಪ್ಪುಸರೋವರದ ದಡದಲ್ಲಿ ಪಾಳುಬಿದ್ದಿದ್ದ ಸಾಲ್ಟೇರ್ ಎಂಬ ವಿಹಾರಮಂದಿರವನ್ನು ಕಂಡು, ಆ ಕಟ್ಟಡಕ್ಕಾಗಿಯೇ ಕಥೆ ಬರೆಸಿ, ಸುಮಾರು 33 ಸಾವಿರ ಡಾಲರುಗಳಲ್ಲಿ ಮಾಡಿದ ಚಿತ್ರವದು. ಅದರಲ್ಲಿ ನಾಯಕಿಯನ್ನು ಹಿಂಬಾಲಿಸುವ ಆಕೃತಿ ಹಲವು ಸಲ ಕಾಣಿಸುತ್ತದೆ, ಆ ಪಾತ್ರವನ್ನು ಹಾರ್ವಿಯವರೇ ಮಾಡಿದ್ದಾರೆ. ಮೇಕಪ್ ಎಂದರೆ ಬಿಳುಚಿದ ಮುಖ, ಕಪ್ಪಾದ ಕಣ್ಣುಗುಳಿ, ಅಷ್ಟೇ. ನೀವು ಪರೀಕ್ಷಿಸಿ ನೋಡಿದ್ದಕ್ಕಿಂತ ಹೆಚ್ಚಿನದೇನೂ ಇಲ್ಲ. ಆದರೂ ಮೈ ಜುಮ್ಮೆನ್ನುತ್ತದೆ. ಏಕೆಂದರೆ ಆ ಮನುಷ್ಯ ಕಿರುಚುವುದಿಲ್ಲ, ಮೈಮೇಲೆ ಎರಗುವುದಿಲ್ಲ. ಅಚ್ಚುಕಟ್ಟಾದ ಸೂಟು ತೊಟ್ಟು, ಅವಳನ್ನು ಮೊದಲೇ ಬಲ್ಲವನಂತೆ ಸುಮ್ಮನೆ ನೋಡುತ್ತಾನೆ.

ನಿಮ್ಮ ದೃಶ್ಯ ಸೋತದ್ದು ಮೇಕಪ್ಪಿನಿಂದಲ್ಲ, ಕಲಾವಿದೆಗೆ ಕೊಟ್ಟ ಕೆಲಸದಿಂದ ಎಂದು ನನ್ನ ಊಹೆ. ಹೆದರಿಸುವ ಕೆಲಸ ಕೊಟ್ಟಿದ್ದೀರಿ. ಬದಲಾಗಿ ಹೋಟೆಲಿನ ಕೆಲಸ ಕೊಡಿ. ಸತ್ತವಳು ಅತಿಥಿಯಾಗಿರದೆ, ಹಿಂದೊಮ್ಮೆ ಅದೇ ಪಾಳಿಯಲ್ಲಿ ಕೆಲಸ ಮಾಡಿದ್ದವಳಾಗಿರಲಿ. ಕೂದಲು ಕೆದರುವುದು ಬೇಡ, ಅಂದವಾಗಿ ತುರುಬು ಕಟ್ಟಿ, ಸಮವಸ್ತ್ರ ತೊಡಿಸಿ. ಓಣಿಯ ಕೊನೆಯಲ್ಲಿ ಅವಳು ಬಾಗಿಲ ಹಿಡಿಕೆ ಒರೆಸುತ್ತಿರುವುದನ್ನು ಹತ್ತನೆಯ ನಿಮಿಷದಲ್ಲೇ, ಪೂರ್ಣ ಬೆಳಕಿನಲ್ಲಿ ತೋರಿಸಿ. ಯಾರೋ ಕೆಲಸದವಳೆಂದು ಪ್ರೇಕ್ಷಕರು ಅಂದುಕೊಳ್ಳುತ್ತಾರೆ. ಈ ಹೋಟೆಲಿನಲ್ಲಿ ರಾತ್ರಿ ಇರುವವಳು ನೀನೊಬ್ಬಳೇ ಎಂದು ನಲವತ್ತನೆಯ ನಿಮಿಷದಲ್ಲಿ ಯಾರಾದರೂ ನಾಯಕಿಗೆ ಹೇಳಿದರೆ, ಆಗ ಎಲ್ಲರಿಗೂ ಹತ್ತನೆಯ ನಿಮಿಷ ನೆನಪಾಗುತ್ತದೆ.

ಹದಿನಾಲ್ಕು ಕೋಣೆ ಅವರ ಮರುಮಾತು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ನಾಲ್ವರೂ ಕೂತು ಇವನ್ನೆಲ್ಲ ಗಟ್ಟಿಯಾಗಿ ಓದಿಕೊಂಡೆವು. ಗಂಡ ಹೆಂಡತಿಯನ್ನು ಕೈಬಿಡಲು ಮನಸ್ಸು ಬರಲಿಲ್ಲ, ಆದರೆ ಕಥೆ ಇನ್ನು ಅವರದಲ್ಲ. ದುರಸ್ತಿ ಶುರುವಾಗುವ ಮುಂಚಿನ ಕೊನೆಯ ರಾತ್ರಿ ತಂಗಲು ಬರುವ ಅವರು ಇಪ್ಪತ್ತೈದನೆಯ ಪುಟದಲ್ಲಿ ಹೆದರಿ, ಚೀಲ ಎತ್ತಿಕೊಂಡು, ಯಾರೇ ಆದರೂ ಮಾಡುವಂತೆ ಹೊರಟು ಹೋಗುತ್ತಾರೆ. ಬಾಗಿಲವರೆಗೆ ಹೋಗಿ ಅವರಿಗೆ ಕೊಡೆ ಹಿಡಿದು ಕಳಿಸಿಕೊಟ್ಟು ಹಿಂದಿರುಗುವ ರಾತ್ರಿ ಪಾಳಿಯವಳೇ ಈಗ ನಮ್ಮ ನಾಯಕಿ. ಕಾರು, ಸೇತುವೆ, ಫೋನು ಎಲ್ಲವೂ ಸರಿಯಾಗಿವೆ. ಅವಳು ಹೋಗುವುದಿಲ್ಲ, ಏಕೆಂದರೆ ಬೆಳಗ್ಗೆ ಆರಕ್ಕೆ ಕೀಲಿಗೊಂಚಲನ್ನು ಒಪ್ಪಿಸಿದರೆ ಮಾತ್ರ ಅವಳಿಗೆ ಮೂರು ತಿಂಗಳ ಬಾಕಿ ಸಂಬಳ ಸಿಗುತ್ತದೆ.

ಒಂದೇ ಅನುಮಾನ ಉಳಿದಿದೆ. ಹದಿನೈದನೆಯ ಕೋಣೆಯ ಬಾಗಿಲನ್ನು ಎಲ್ಲಿ ತೋರಿಸುವುದು? ಕಟ್ಟಡದಲ್ಲಿ ಆ ಬಾಗಿಲೇ ಇಲ್ಲ.

ಚಿತ್ರಕಥಾಸಕ್ತೆ ಅವರ ಉತ್ತರ

ಬಾಕಿ ಸಂಬಳದ ಯೋಚನೆ ಬಹಳ ಚೆನ್ನಾಗಿದೆ. ಆ ಮೊತ್ತವನ್ನು ಅವಳು ಯಾವುದಕ್ಕೆ ಕಾಯುತ್ತಿದ್ದಾಳೆ ಎಂಬುದನ್ನು ಒಂದೇ ಒಂದು ಮಾತಿನಲ್ಲಿ ಮೊದಲೇ ತಿಳಿಸಿಬಿಡಿ. ಬಾಗಿಲನ್ನು ತೋರಿಸಬೇಡಿ. ಕೀಲಿಕೈಯ ಹಲಗೆಯಲ್ಲಿ ಹದಿನೈದನೆಯ ಕೊಕ್ಕೆಯೊಂದನ್ನು ಹೊಡೆಯಿರಿ. ಮೊದಲ ದೃಶ್ಯದಲ್ಲಿ ಅದು ಖಾಲಿಯಿರಲಿ, ದಂಪತಿ ಹೊರಟು ಹೋದ ಮೇಲೆ ಅದರಲ್ಲಿ ಒಂದು ಕೀಲಿ ತೂಗುತ್ತಿರಲಿ. ಬೆಳಗ್ಗೆ ಆರಕ್ಕೆ ಅವಳು ಲೆಕ್ಕ ಒಪ್ಪಿಸುವಾಗ ಒಂದು ಕೀಲಿ ಹೆಚ್ಚಾಗಿರುತ್ತದೆ, ಅದನ್ನು ಯಾರಿಗೆ ಒಪ್ಪಿಸಬೇಕೆಂಬುದೇ ನಿಮ್ಮ ಕೊನೆಯ ದೃಶ್ಯ.

ಶಬ್ದಗ್ರಾಹಿ ಅವರ ಉತ್ತರ

ಹನ್ನೆರಡನೆಯ ರಾತ್ರಿ ಸಾಮಾನು ಕಟ್ಟುವ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ, ಹದಿನಾಲ್ಕು ಕೋಣೆಗಳಲ್ಲೂ ಎರಡೂ ಓಣಿಗಳಲ್ಲೂ ತಲಾ ಒಂದು ನಿಮಿಷ ಬರೀ ಕೋಣೆಯ ಸದ್ದನ್ನು ಧ್ವನಿಮುದ್ರಿಸಿಕೊಳ್ಳಿ. ಆ ಹದಿನಾರು ನಿಮಿಷಗಳಿಲ್ಲದೆ ಸಂಕಲನದಲ್ಲಿ ಒಂದು ಶಾಟನ್ನೂ ಇನ್ನೊಂದಕ್ಕೆ ಹೊಲಿಯಲಾಗದು, ದುರಸ್ತಿ ಶುರುವಾದ ಮೇಲೆ ಆ ಕಟ್ಟಡದಲ್ಲಿ ಅದೇ ಸದ್ದು ಮತ್ತೆ ಸಿಗುವುದಿಲ್ಲ.